ಮೋಡ ಮಾತ್ರ ಚೆನ್ನಾಗಿ ಬಂದಿತ್ತು

ನ್ಯಾಮತಿಯಲ್ಲಿ ಹೊನ್ನಾಳಿ ಬಸ್ಸಿಗೆ ಕಾಯುತ್ತಿದ್ದೆ. ನಮ್ಮೂರಿನ ಅಂಜಿನಪ್ಪ ತಂಗಿಯ ಮದುವೆಯ ಕಪ್ಪು-ಬಿಳುಪು ಫೋಟೋ ಹಿಡಿದು, ಅದನ್ನು ತೆಗೆದ ಬುಡನ್‌ಸಾಬರ ಮೇಲೆ ರೇಗುತ್ತಿದ್ದರು.

“ನಾಕೂ ಮೂಲೆಗೆ ಮಸಿ ಬಳ್ದಂಗೈತಲ್ಲ ಸಾಬ್ರೇ! ನಮ್ಮವ್ವ ಎಲ್ಲಿ?”

“ಮೋಡ ಚೆಂದ ಕಾಣ್ಲಿ ಅಂತ ಲೆನ್ಸಿನ ಮುಂದೆ ಹಳದಿ ಗಾಜು ಹಾಕ್ದೆ. ಅದು ಸಣ್ಣ ಕ್ಯಾಮೆರಾದ್ದು, ಈ ದೊಡ್ಡ ಲೆನ್ಸಿಗೆ ಸಾಲ್ಲಿಲ್ಲ. ಅದರ ಅಂಚು ಅಡ್ಡ ಬಂತು.”

“ಮೋಡಕ್ಕೇನು ಮದುವೆ ಮಾಡಿದ್ವೇನ್ರಿ? ಅವ್ವ ಹುಟ್ಟಿದಾಗಿಂದ ಫೋಟೋಕ್ಕೆ ನಿಂತಿದ್ದು ಇದೊಂದೇ ಸಲ. ನೋಡಾಕೆ ಕಾಯ್ಕೊಂಡು ಕುಂತಾಳೆ.”

“ತಪ್ಪು ನಂದೇ ರೀ. ಆದ್ರೆ ನಾನು ಅವ್ವಾರಿಗೆ ಮದುಮಗಳ ಪಕ್ಕಾನೇ ಕುರ್ಚಿ ಹಾಕಿದ್ದೆ.”

“ಹಾಕಿದ್ರೆ?”

“ಗಂಡ ಸತ್ತೋಳು ನಡುವೆ ಕೂರಬಾರ್ದು ಅಂತ ಎಬ್ಬಿಸಿ ಮೂಲೆಗೆ ನಿಲ್ಸಿದ್ದು ನೀವಲ್ಲೇನ್ರಿ?”

ಬಸ್ಸು ಬಂತು. ಅಂಜಿನಪ್ಪ ಫೋಟೋವನ್ನು ಸಾಬರ ಎದೆಗೆ ಒತ್ತಿ ಹತ್ತಿಬಿಟ್ಟರು.