ಕಾಯಿ ಸುಲಿಯುವ ಯಂತ್ರದ ಪೇಟೆಂಟಿಗೆ ಬೆಲೆ ಕಟ್ಟಿದ ಬಗ್ಗೆ

ರಂಜಿತಾ ಕೋಂ ಶಶಿಕಿರಣ್, 36 ವರ್ಷ, ಕಸುಬು ತೆಂಗಿನಕಾಯಿ ಸುಲಿಯುವ ಯಂತ್ರ ತಯಾರಿಕೆ, ವಾಸ ಚನ್ನರಾಯಪಟ್ಟಣ ಟೌನ್ ಆದ ನಾನು ಠಾಣೆಗೆ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ರೂಪಿಸಿದ ಯಂತ್ರಕ್ಕೆ ನನ್ನ ಹೆಸರಿನಲ್ಲಿ ಪೇಟೆಂಟ್ ಇರುತ್ತದೆ. ಹಾಸನದ ಯಂತ್ರ ವ್ಯಾಪಾರಿ ಸಿದ್ದೇಶ ಎಂಬುವರು ಅದನ್ನು ಕೊಳ್ಳುವುದಾಗಿ ಹೇಳಿ, ಅದರ ಮಾರುಕಟ್ಟೆ ಬೆಲೆ ಗೊತ್ತುಮಾಡಲು ಕೀರ್ತಿರಾಜ್ ಎಂಬುವರನ್ನು ತಾವೇ ಕಳುಹಿಸಿದರು. ಕೊಳ್ಳುವವರೇ ಬೆಲೆ ಕಟ್ಟುವವರನ್ನೂ ಕಳಿಸಿದ್ದು ನನಗೆ ಆಗಲೇ ಸರಿ ಕಾಣಲಿಲ್ಲ.

ದಿನಾಂಕ 11-08-2025ರಂದು ಬೆಳಿಗ್ಗೆ 11 ಗಂಟೆಗೆ ಕೀರ್ತಿರಾಜ್ ಬಂದರು. ಬಂದವರ ಕಣ್ಣಿಗೆ ಚೆನ್ನಾಗಿರಲೆಂದು ಯಂತ್ರಕ್ಕೆ ಕಟ್ಟಿದ್ದ ಒಣ ನಿಂಬೆಹಣ್ಣನ್ನು ಬಿಚ್ಚಿ, ಒರೆಸಿಟ್ಟಿದ್ದೆ. ಮುಂದೆ ಎಷ್ಟು ವ್ಯಾಪಾರ ಆಗಬಹುದು, ಇಂಥ ಪೇಟೆಂಟಿಗೆ ಬೇರೆಯವರು ಏನು ಕೊಟ್ಟಿದ್ದಾರೆ ಎಂದು ಲೆಕ್ಕ ಹಾಕುವುದು ಬಿಟ್ಟು, ಅವರು ಯಂತ್ರ ಬಿಚ್ಚಿಸಿ ಟೇಪು ಹಿಡಿದು ಅಳೆದರು, ಫೋಟೊ ತೆಗೆದರು. ಅಳತೆ ಏಕೆಂದು ಕೇಳಿದ್ದಕ್ಕೆ ಅದು ಪದ್ಧತಿ ಎಂದರು. ಕಾಫಿ ಕೊಟ್ಟು ಒಳಗೆ ಬಂದ ನನ್ನ ಅತ್ತೆ ಬಸವಲಿಂಗಮ್ಮನವರು, "ಬೆಲೆ ಕಟ್ಟಾಕೆ ಬಂದಂಗಿಲ್ಲ ಕಣವ್ವ, ಅಂಗಿ ಒಲಿಯಾಕೆ ಅಳ್ತೆ ತಗೊಂಡಂಗೈತೆ" ಎಂದರು.

ತಿಂಗಳ ನಂತರ ವರದಿ ಬಂತು. ಇಂಥ ಯಂತ್ರಗಳು ಬೇಕಾದಷ್ಟಿವೆ, ಈ ಪೇಟೆಂಟಿಗೆ ಮಾರುಕಟ್ಟೆಯಲ್ಲಿ ಬೆಲೆ ಇಲ್ಲ ಎಂದಿತ್ತು. ನಾಲ್ಕು ವರ್ಷ ನಿದ್ದೆಗೆಟ್ಟು ಮಾಡಿದ್ದು ಏನೂ ಅಲ್ಲವೆಂದು ಓದಿ ನನಗೆ ಅಳು ಬಂತು, ಸಿಟ್ಟೂ ಬಂತು. ಸಿದ್ದೇಶ ಫೋನ್ ಎತ್ತುವುದನ್ನು ನಿಲ್ಲಿಸಿದರು.

ದಿನಾಂಕ 17-11-2025ರಂದು ಮಧ್ಯಾಹ್ನ ನಾನು ಹೊಳೆನರಸೀಪುರಕ್ಕೆ ಹೋಗಿದ್ದಾಗ, ಸಿದ್ದೇಶರ ಹೊಸ ಅಂಗಡಿಯಲ್ಲಿ ಅಂಥದೇ ಯಂತ್ರ ಮಾರಾಟಕ್ಕಿತ್ತು. ಅಲ್ಲೇ ಇದ್ದ ಸಿದ್ದೇಶರನ್ನು ವಿಚಾರಿಸಲಾಗಿ, ಪೇಟೆಂಟಿನ ನಕ್ಷೆಯನ್ನು ಯಾರು ಬೇಕಾದರೂ ನೋಡಬಹುದು, ಅದನ್ನು ನೋಡಿ ಬೇರೆ ಥರ ಮಾಡಿಸಿದ್ದೇನೆ, ನಿಮ್ಮ ಯಂತ್ರದಿಂದ ಒಂದು ಅಳತೆಯನ್ನೂ ತೆಗೆದಿಲ್ಲ ಎಂದರು. ಆಗ ಯಂತ್ರದ ಮೇಲಿನ ಪಟ್ಟಿಯ ಎಡಮೂಲೆಯಲ್ಲಿ ಒಂದು ತೂತು ಕಂಡಿತು. ಇದು ಯಾತಕ್ಕೆಂದು ಕೇಳಿದೆ.

"ಎಣ್ಣೆ ಬುಡಾಕೆ ಕಣಮ್ಮ, ಅದಿಲ್ದಿದ್ರೆ ಮಿಷನ್ ಓಡಾಕಿಲ್ಲ" ಎಂದರು.

ಆ ತೂತು ನನ್ನ ಪೇಟೆಂಟಿನ ನಕ್ಷೆಯಲ್ಲಿ ಇಲ್ಲ. ಯಂತ್ರ ಓಡಲು ಅದು ಬೇಕಾಗಿಯೂ ಇಲ್ಲ. ಹೋದ ವರ್ಷದ ಆಯುಧಪೂಜೆಯ ದಿನ, ದೃಷ್ಟಿಯಾಗದಿರಲೆಂದು ನಿಂಬೆಹಣ್ಣು ಕಟ್ಟುವುದಕ್ಕೆ, ಅತ್ತೆ ಹಠ ಹಿಡಿದು ನನ್ನ ಕೈಯಲ್ಲಿ ಕೊರೆಸಿದ ತೂತು ಅದು. ಅವರ ಅಂಗಡಿಯಲ್ಲಿದ್ದ ಆರು ಯಂತ್ರಗಳಲ್ಲೂ ಅದೇ ಮೂಲೆಯಲ್ಲಿ ಅದೇ ತೂತು ಇರುತ್ತದೆ. ಬೆಲೆ ಇಲ್ಲದ್ದನ್ನು ಯಾರೂ ತೂತಿನ ಸಮೇತ ಕದಿಯುವುದಿಲ್ಲ.

ಆದ್ದರಿಂದ ಬೆಲೆ ಕಟ್ಟುವ ನೆಪದಲ್ಲಿ ಮೋಸ ಮಾಡಿದ ಇಬ್ಬರ ಮೇಲೂ ಕ್ರಮ ಕೈಗೊಳ್ಳಬೇಕೆಂದು ಕೋರುತ್ತೇನೆ. ಈ ಹೇಳಿಕೆಯನ್ನು ಓದಿಸಿ ಕೇಳಿದ್ದೇನೆ, ನಾನು ಹೇಳಿದಂತೆಯೇ ಇದ್ದು ನಿಜವಾಗಿರುತ್ತದೆ.

ಸ್ಥಳ: ಚನ್ನರಾಯಪಟ್ಟಣ
ದಿನಾಂಕ: 18-11-2025
ಸಹಿ: ರಂಜಿತಾ