ಮೂರನೆಯ ಗುಡಿಸಲಿನ ಹೊಲಿಗೆ

ಮಧ್ಯಾಹ್ನ ಎರಡೂವರೆಗೆ ಮಳೆ ಹಿಡಿಯಿತು. ಹಾಳುಬಿದ್ದಿದ್ದ ಹಳೆಯ ಹಳ್ಳಿಯೊಂದನ್ನು ಇದ್ದಂತೆಯೇ ಮತ್ತೆ ನಿಲ್ಲಿಸಿ ನೋಡುವವರಿಗಾಗಿ ತೆರೆದಿಟ್ಟ ಜಾಗ ಅದು. ಒಂದೇ ಬೀದಿ, ಎರಡೂ ಬದಿ ಸೇರಿ ಹನ್ನೊಂದು ಹುಲ್ಲಿನ ಗುಡಿಸಲು, ಪ್ರತಿ ಬಾಗಿಲ ಪಕ್ಕದಲ್ಲೂ ಒಂದು ಫಲಕ. ಛತ್ರಿಗಳನ್ನು ಬಸ್ಸಿನಲ್ಲೇ ಬಿಟ್ಟು ಬಂದಿದ್ದ ನಾವು ಆರು ಜನ ಹತ್ತಿರವಿದ್ದ ಮೂರನೆಯ ಗುಡಿಸಲಿಗೆ ನುಗ್ಗಿದೆವು. ಒಳಗೆ ಬೆಂಕಿ ಕಾಣದ ಒಲೆ, ಯಾರೂ ಮಲಗದ ಮಂಚ, ಗೋಡೆಯ ಮೇಲೆ ತುಕ್ಕು ಒರೆಸಿಟ್ಟ ಕುಡುಗೋಲು. ಮೂಲೆಯಲ್ಲಿ ಒಬ್ಬ ಮುದುಕ ಹಗ್ಗ ಹೊಸೆಯುತ್ತ ಕೂತಿದ್ದ. ಅವನನ್ನು ನೋಡಲೆಂದು ಇಟ್ಟ ಗೊಂಬೆಯೆಂದು ತಿಳಿದು ನಮ್ಮ ಜೊತೆಗಿದ್ದ ನಿವೃತ್ತ ಪೋಸ್ಟ್‌ಮಾಸ್ತರರು ಹತ್ತಿರ ಹೋಗಿ ಫೋಟೊ ತೆಗೆದರು. ಗೊಂಬೆ ಕೆಮ್ಮಿತು. ಪೋಸ್ಟ್‌ಮಾಸ್ತರರು ಎರಡು ಹೆಜ್ಜೆ ಹಿಂದೆ ಹಾರಿದರು.

"ಹೆದರ್ಬೇಡಿ, ಇನ್ನೂ ಉಸಿರಾಡ್ತಾ ಇದೀನಿ," ಎಂದ ಮುದುಕ. ಇಲ್ಲಿನ ಸೂರುಗಳನ್ನೆಲ್ಲ ಹೊದಿಸಿದವನು ತಾನೇ ಎಂದೂ ಹೇಳಿದ.

"ಇಷ್ಟು ಹಳೇ ಮನೆ ಅಂದ್ಮೇಲೆ ದೆವ್ವಗಿವ್ವ ಇರ್ಬೇಕಲ್ಲ ತಾತ? ನಮ್ಮ ಟಿಕೆಟ್ಟಲ್ಲಿ ಅದು ಸೇರಿಲ್ವೋ?" ಎಂದರು ಪೋಸ್ಟ್‌ಮಾಸ್ತರರು, ತಮ್ಮ ಹಾರಾಟವನ್ನು ಮರೆಸಲು. ಅವರ ಹೆಂಡತಿ ಮೊಣಕೈಯಿಂದ ತಿವಿದರು. ಮುದುಕ ನಗಲಿಲ್ಲ.

"ಇದೆ ಸ್ವಾಮಿ... ಇದೆ. ಆದ್ರೆ ನೀವು ಅಂದ್ಕೊಂಡ ಹಾಗೆ ಬಿಳಿ ಬಟ್ಟೆ ಹೊದ್ಕೊಂಡು, ಕೂದಲು ಕೆದರ್ಕೊಂಡು ಬರೋ ಅಂಥದ್ದಲ್ಲ. ಹಗಲು ಹೊತ್ತಲ್ಲೇ ಬರುತ್ತೆ, ಕೆಲಸ ಮಾಡುತ್ತೆ, ಹೋಗುತ್ತೆ. ಕೂತ್ಕೊಳ್ಳಿ, ಹೇಳ್ತೀನಿ. ಅಮ್ಮಾ, ಆ ಮಂಚದ ಮೇಲೆ ಕೂರಬಾರದು ಅಂತ ಬರೆದಿದಾರೆ... ಪರವಾಗಿಲ್ಲ ಕೂತ್ಕೊಳ್ಳಿ, ನಾನೇನು ಚಾಡಿ ಹೇಳಲ್ಲ.

"ಸೂರು ಹೊದಿಸೋದು ಒಬ್ಬರ ಕೆಲಸ ಅಲ್ಲ, ಇಬ್ಬರದು. ಹೊರಗೆ ಏಣಿ ಮೇಲೆ ಒಬ್ಬರು, ಒಳಗೆ ಅಟ್ಟದ ಕತ್ತಲಲ್ಲಿ ಇನ್ನೊಬ್ಬರು. ಹೊರಗಿನವನು ಹುಲ್ಲಿನ ಕಟ್ಟು ಇಟ್ಟು, ಮೊಳದುದ್ದ ಕಬ್ಬಿಣದ ಸೂಜಿಗೆ ಹಗ್ಗ ಪೋಣಿಸಿ, ಚುಚ್ಚಿ ಒಳಕ್ಕೆ ಕಳಿಸ್ತಾನೆ. ಒಳಗಿರೋರು ಆ ಸೂಜಿ ಹಿಡಿದು, ಹಗ್ಗಾನ ಸೂರು ಹೊತ್ತಿರೋ ಬಿದಿರು ಗಳದ ಸುತ್ತ ಬಳಸಿ, ವಾಪಸ್ಸು ಹೊರಕ್ಕೆ ತಳ್ತಾರೆ. ಇವರಿಗೆ ಅವರು ಕಾಣಲ್ಲ, ಅವರಿಗೆ ಇವರು ಕಾಣಲ್ಲ. ಹಾಗಾದ್ರೆ ಚುಚ್ಚೋದು ಯಾವಾಗ? ಒಳಗಿನವರು ಮುಖ ಸರಿಸ್ಕೊಂಡು ಗಳಕ್ಕೆ ಎರಡು ಸಲ ಕುಟ್ತಾರೆ... ಟಕ್, ಟಕ್. ಆಗ ಚುಚ್ಚಬೇಕು. ಅದಕ್ಕೆ ಮುಂಚೆ ಆಕಾಶ ಕಳಚಿ ಬಿದ್ರೂ ಚುಚ್ಚಬಾರದು. ನಮ್ಮ ಕಸುಬಿನ ಕಾನೂನು ಇಷ್ಟೇ.

"ನನಗೆ ಒಳಗಿನ ಜೋಡಿ ನನ್ನ ಅಕ್ಕ. ಅಮ್ಮ ಹೋದಾಗ ನನಗೆ ನಾಲ್ಕು, ಅವಳಿಗೆ ಹದಿಮೂರು. ತಲೆ ಬಾಚಿದ್ದು, ಮೂಗು ಒರೆಸಿದ್ದು, ಬೆನ್ನಿಗೆ ಗುದ್ದಿದ್ದು ಎಲ್ಲ ಅವಳೇ. ಮದುವೆ ಮಾಡ್ಕೋ ಅಂದ್ರೆ, 'ಇವನೊಬ್ಬನ್ನ ಸಾಕಿದ್ದೇ ಸಾಕಾಗಿದೆ, ಇನ್ನೊಬ್ಬನ್ನ ಯಾರು ಸಾಕ್ತಾರೆ' ಅನ್ನೋಳು. ಇಪ್ಪತ್ತಾರು ವರ್ಷ ಮೂಗಿಗೆ ಬಟ್ಟೆ ಕಟ್ಕೊಂಡು ಅಟ್ಟದ ಧೂಳಲ್ಲಿ ಕೂತ್ಳು. ಹೊರಗೆ ನಿಂತು ಹೊಗಳಿಸ್ಕೊಂಡೋನು ನಾನು. ಸೂರು ನೋಡಿದ ಯಾರಾದ್ರೂ ಒಳಗ್ಯಾರಿದ್ರು ಅಂತ ಕೇಳ್ತಾರಾ?

"ಈ ಹಳ್ಳಿ ಕೆಲಸದಲ್ಲಿ ಕೊನೆಗೆ ಉಳಿದಿದ್ದು ಇದೇ ಗುಡಿಸಲು. ಉದ್ಘಾಟನೆಗೆ ಎರಡೇ ದಿನ. ದೊಡ್ಡ ಸಾಹೇಬ್ರು, ಪೇಪರಿನವರು, ಕ್ಯಾಮೆರಾದವರು ಎಲ್ಲ ಕೆಳಗೆ ನಿಂತಿದಾರೆ. 'ಎಷ್ಟು ಬೇಗ ಹೊಲೀತೀಯಪ್ಪಾ, ತೋರ್ಸು' ಅಂದ್ರು. ತೋರ್ಸಿದೆ. ಒಂದು ಹೊಲಿಗೆ, ಎರಡು, ಹತ್ತು... ಕೆಳಗೆ ಚಪ್ಪಾಳೆ. ಒಳಗಿಂದ ಅಕ್ಕ, 'ತಡಿಯೋ, ಹಗ್ಗ ಸಿಕ್ಕಾಗಿದೆ' ಅಂದ್ಳು. ಕೇಳಿಸ್ತು ನನಗೆ. ಕೇಳಿಸ್ಲೇ ಇಲ್ಲ ಅಂತ ಎಷ್ಟೋ ವರ್ಷ ನನಗೆ ನಾನೇ ಹೇಳ್ಕೊಂಡೆ, ಆದ್ರೆ ಕೇಳಿಸ್ತು ಸ್ವಾಮಿ. ಕ್ಯಾಮೆರಾ ನನ್ನ ಕಡೆ ತಿರುಗಿತ್ತು... ಚುಚ್ಚಿಬಿಟ್ಟೆ.

"ಅವಳು ಕಿರುಚಲಿಲ್ಲ. ಹಾ ಅಂತ ಒಂದು ಉಸಿರು, ಅಷ್ಟೇ. ಎಡಗಣ್ಣಿಗೆ ಬಟ್ಟೆ ಒತ್ಕೊಂಡಿದ್ದವಳನ್ನ ನಾಲ್ಕು ಜನ ಹಿಡಿದು ಇಳಿಸಿದ್ರು. ಸಾಹೇಬ್ರು ನನ್ನ ನೋಡಿ, 'ಅವಳು ಕುಟ್ಟಿದ್ಳೇನಯ್ಯಾ?' ಅಂದ್ರು. ಏನಂದೆ ಗೊತ್ತಾ ನಾನು? 'ಕುಟ್ಟಿದ್ಳು ಸಾರ್. ಕುಟ್ಟಿ ಮುಖ ಸರಿಸೋಕೆ ಮರ್ತಿದಾಳೆ' ಅಂದೆ. ಅಷ್ಟು ಜನರ ಎದುರಿಗೆ... ಅವಳು ಉಳಿದ ಒಂದು ಕಣ್ಣಲ್ಲಿ ನನ್ನ ನೋಡಿದ್ಳು. ಬಹಳ ಹೊತ್ತೇನಲ್ಲ. ಆಮೇಲೆ ಸಾಹೇಬ್ರ ಕಡೆ ತಿರುಗಿ, 'ಹೌದು, ನಂದೇ ತಪ್ಪು' ಅಂದ್ಳು.

"ಗಾಯ ಕೀವಾಗಿ, ಜ್ವರ ತಲೆಗೇರಿ, ಹತ್ತೊಂಬತ್ತನೇ ದಿನ ಹೋದ್ಳು. ಅಷ್ಟು ದಿನದಲ್ಲಿ ಒಂದು ಸಲವೂ ಆ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ. ನೀರು ಕುಡಿಸೋವಾಗ ಗೋಡೆ ನೋಡ್ತಿದ್ದೆ. ಬಾಗಿಲ ಪಕ್ಕದ ಫಲಕ ಓದಿ ನೀವು, 'ಸ್ವಂತ ಅಜಾಗರೂಕತೆಯಿಂದ ಗಾಯಗೊಂಡು ಮೃತಪಟ್ಟ ಕೆಲಸಗಾರ್ತಿಯ ನೆನಪಿಗೆ' ಅಂತ ಬರೆಸಿದಾರೆ. ಸ್ವಂತ ಅಜಾಗರೂಕತೆ! ದಿನಾ ಅದನ್ನ ದಾಟ್ಕೊಂಡು ಒಳಗೆ ಬರ್ತೀನಿ.

"ಮುಂದಿನ ವರ್ಷ ತೇಪೆ ಹಾಕೋಕೆ ಒಬ್ಬನೇ ಏಣಿ ಹತ್ತಿದೆ. ಒಂದೊಂದು ಹೊಲಿಗೆಗೂ ಇಳಿದು, ಅಟ್ಟ ಹತ್ತಿ, ಸೂಜಿ ತಿರುಗಿಸಿ ಬರ್ಬೇಕು ಅಂತ ಲೆಕ್ಕ ಹಾಕ್ಕೊಂಡೇ ಹೋಗಿದ್ದೆ. ಮೊದಲನೇ ಕಟ್ಟು ಇಟ್ಟೆ... ಒಳಗಿಂದ ಟಕ್, ಟಕ್. ಚುಚ್ಚಿದೆ. ಸೂಜಿ ಯಾರೋ ಹಿಡ್ಕೊಂಡ್ರು... ಹಗ್ಗ ಸರಿಯಿತು... ಸೂಜಿ ವಾಪಸ್ಸು ಬಂತು. ಇಳಿದು ಓಡಿ ನೋಡಿದ್ರೆ ಗಳದ ಸುತ್ತ ಒಂದೂವರೆ ಸುತ್ತು. ಒಂದೂವರೆ ಸುತ್ತು ಹಾಕೋಳು ಅವಳೊಬ್ಬಳೇ. ಕೆಳಗೆ ಧೂಳಲ್ಲಿ ಒಂದು ಹೆಜ್ಜೆ ಗುರುತೂ ಇಲ್ಲ.

"ಈಗ ಆರು ವರ್ಷದಿಂದ ನನ್ನ ಮಂಡಿ ಹೋಗಿದೆ, ಹೊರಗಿನ ಏಣಿ ಆಗಲ್ಲ. ಹೇಗೋ ತೆವಳ್ಕೊಂಡು ಅಟ್ಟ ಸೇರಿ ಒಳಗೆ ಕೂರ್ತೀನಿ. ಸೂಜಿ ಹೊರಗಿಂದ ಬರುತ್ತೆ! ಜನ ಸೂರು ನೋಡಿ ನನ್ನ ಕೈಗುಣ ಅಂತಾರೆ. ನಾನು ಕುಟ್ಟೋವರೆಗೂ ಅವಳು ಚುಚ್ಚಲ್ಲ. ಒಂದು ದಿನ ಬೇಕಂತಲೇ ಎಡಗಣ್ಣನ್ನ ಹುಲ್ಲಿಗೆ ಒತ್ತಿ ಹಿಡಿದು ಕುಟ್ಟಿದೆ, ಲೆಕ್ಕ ತೀರಿಸ್ಕೋ ಅಂತ. ಬರ್ಲಿಲ್ಲ. ಸಂಜೆವರೆಗೂ ಕುಟ್ಟಿದೆ. ಸೋತು ಮುಖ ತೆಗೆದ ಮೇಲೆ ಬಂತು... ಮೆಲ್ಲಗೆ, ಮೊದಲು ತುದಿ ಮಾತ್ರ."

"ಆಫೀಸಿಗೆ ಹೋಗಿ ಫಲಕ ತಿದ್ಸಿ ಅಂತ ಹೇಳ್ಬಾರ್ದಾ?" ಪೋಸ್ಟ್‌ಮಾಸ್ತರರ ಹೆಂಡತಿ ಕೇಳಿದರು.

"ಹೇಳಿದ್ದೆ ತಾಯಿ. ಹೋದ ವರ್ಷ ಮ್ಯಾನೇಜರ ಎದುರು ನಿಂತು ಎಲ್ಲ ಒಪ್ಕೊಂಡೆ. ಬದಲಾಯಿಸೋಣ ತಾತ ಅಂದ್ರು. ಆವತ್ತಿಂದ ಎರಡು ತಿಂಗಳು ಅವಳು ಬರ್ಲಿಲ್ಲ. ಕುಟ್ಟಿ ಕುಟ್ಟಿ ಬೆರಳ ಗೆಣ್ಣು ಒಡೀತು. ತಮ್ಮನ ಮಾನ ಉಳೀಲಿ ಅಂತ ಆ ನೋವಲ್ಲೂ 'ನಂದೇ ತಪ್ಪು' ಅಂದವಳು. ಅದನ್ನ ನಾನೇ ಬೀದಿಗೆ ಹಾಕಿದ್ರೆ ಯಾಕೆ ಬರ್ತಾಳೆ? ಮತ್ತೆ ಹೋದೆ. 'ವಯಸ್ಸಾಯ್ತು ಸಾರ್, ತಲೆ ಕೆಟ್ಟು ಏನೋ ಅಂದೆ, ಫಲಕ ಸರಿಯಾಗೇ ಇದೆ' ಅಂದೆ. ಎರಡನೇ ಸಲ ತಪ್ಪು ಅವಳ ಮೇಲೇ ಹಾಕಿದೆ... ಈ ಸಲ ಅವಸರವೂ ಇರ್ಲಿಲ್ಲ, ಚಪ್ಪಾಳೆಯೂ ಇರ್ಲಿಲ್ಲ. ಮಾರನೇ ದಿನ ಸೂಜಿ ಬಂತು. ಒಬ್ಬನೇ ಇರೋಕೆ ನನ್ನ ಕೈಲಾಗಲ್ಲ ತಾಯಿ, ಅಷ್ಟೇ ವಿಷಯ. ಅದಕ್ಕೇ ಇದನ್ನ ಮಳೆ ಹೊಡೀತಿರೋವಾಗ ಮಾತ್ರ ಹೇಳೋದು. ನೆನೆಯೋ ಹುಲ್ಲನ್ನ ಯಾರೂ ಹೊಲಿಯಲ್ಲ, ಆಗ ಅವಳು ಸೂರಿನ ಮೇಲೆ ಇರಲ್ಲ, ನಾನಂದಿದ್ದು ಅವಳಿಗೆ..."

ಮುದುಕ ತಟ್ಟನೆ ನಿಲ್ಲಿಸಿದ. ಹೊರಗೆ ಮಳೆ ನಿಂತಿತ್ತು. ಯಾವಾಗ ನಿಂತಿತೋ ನಮ್ಮಲ್ಲಿ ಯಾರೂ ಗಮನಿಸಿರಲಿಲ್ಲ. ಅವನು ನಮ್ಮ ಮುಖ ನೋಡಲಿಲ್ಲ. ಕತ್ತನ್ನು ಸೂರಿನ ಕಡೆ ಎತ್ತಿ, ದೂರದವರಿಗೆ ಕೇಳಿಸಬೇಕೆನ್ನುವಂತೆ ಗಟ್ಟಿಯಾಗಿ ಹೇಳಿದ:

"ಏನಿಲ್ಲ ಅಕ್ಕಾ... ತಪ್ಪು ನಿಂದೇ ಅಂತ ಇವರಿಗೆ ಹೇಳ್ತಿದ್ದೆ, ಅಷ್ಟೇ."