ಗೋಕರ್ಣದ ಚಿಪ್ಪು

ಹುಬ್ಬಳ್ಳಿಯ ಸಾಕು ಮೀನಿನ ಅಂಗಡಿಯಲ್ಲಿ ನನ್ನ ಮುಂದೆ ವಯಸ್ಸಾದ ಗಂಡ-ಹೆಂಡತಿ ನಿಂತಿದ್ದರು. ಮೊದಲು ಗಂಡ ಬಾಯಿಬಿಟ್ಟರು.

“ಸಿಕ್ಲಿಡ್ ಜಾತಿ ಮೀನಿನ್ಯಾಗ ಈ ಆಸ್ಕರ್ ಛಲೋ ನೋಡು. ಸಾಕಿದವರ ಗುರ್ತ ಹಿಡೀತೈತಂತ.”

“ಅದು ಫೂಟ ಉದ್ದ ಬೆಳೀತೈತ್ರಿ, ನಮ್ಮ ಟ್ಯಾಂಕ್ ಇರೂದ ಎರಡ ಫೂಟು. ಅದರ ಮ್ಯಾಲ ಸೀಗಡಿ ತಿಂತೈತಂತ. ನಮ್ಮನ್ಯಾಗ ಯಾರ ಮುಟ್ಟತಾರ ಅದನ್ನ?”

“ಹಂಗಾರ ಚಿಪ್ಪಿನ್ಯಾಗ ಇರೂ ಈ ಸಣ್ಣ ಸಿಕ್ಲಿಡ್?”

“ಇವು ಬೆರಳಷ್ಟ ಅದಾವ, ಇವ ಬೇಕು.”

“ಒಂದೊಂದಕ್ಕೂ ಒಂದ ಚಿಪ್ಪ ಬೇಕಂತ.”

“ಮದವಿ ಆದ ವರ್ಷ ಗೋಕರ್ಣದಾಗ ಆರಿಸಿದ್ವೆಲ್ಲ, ಅವು ನನ್ನ ಟ್ರಂಕಿನ್ಯಾಗ ಅದಾವ.”

“ಅವನ್ನ ಮಕ್ಕಳಿಗೂ ಮುಟ್ಟಗೊಟ್ಟಿಲ್ಲ ನೀ!”

“ಮಕ್ಕಳು ಆಡಿ ಒಗೀತಿದ್ರು. ಇವು ಸಂಸಾರ ಮಾಡ್ತಾವ.”

ಅಂಗಡಿಯವನು ಆ ಸಣ್ಣ ಮೀನುಗಳನ್ನು ಹಾಕಿಕೊಟ್ಟ ನೀರಿನ ಚೀಲವನ್ನು ಗಂಡ ಎರಡೂ ಕೈಯಲ್ಲಿ ಹಿಡಿದುಕೊಂಡರು.

“ಆದ್ರ ಇವು ನನ್ನ ಗುರ್ತ ಹಿಡಿಯೂದಿಲ್ಲ.”

“ನಿಮ್ಮ ಗುರ್ತ ನಾ ಹಿಡೀತೇನಿ, ನಡೀರಿ.”